ನಾನು ಓದಿದ ಬೆಂಗಳೂರು ಇನ್ನೂ ಇದೆಯೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಹೈಸ್ಕೂಲು ಮೇಷ್ಟ್ರು, ವಯಸ್ಸು 66. 1979ರಿಂದ 82ರವರೆಗೆ ಬೆಂಗಳೂರಿನ ಬಸವನಗುಡಿಯಲ್ಲಿ ರೂಮು ಮಾಡಿಕೊಂಡು ಬಿ.ಎಸ್ಸಿ. ಓದಿದೆ. ಆಮೇಲೆ ಹೋಗಿಲ್ಲವೆಂದಲ್ಲ. ಮದುವೆ, ಆಸ್ಪತ್ರೆ, ಮಗನ ಮನೆ ಅಂತ ಇಪ್ಪತ್ತು ಸಲವಾದರೂ ಹೋಗಿದ್ದೇನೆ. ರಾತ್ರಿ ಬಸ್ಸಿಗೆ ಹೋಗುವುದು, ಕೆಲಸ ಮುಗಿಸಿ ರಾತ್ರಿ ಬಸ್ಸಿಗೇ ಬರುವುದು. ಮಗ ವೈಟ್‌ಫೀಲ್ಡಿನ ಫ್ಲ್ಯಾಟಿನಲ್ಲಿದ್ದಾನೆ. ಈ ಏಪ್ರಿಲ್‌ನಲ್ಲಿ ಮೊಮ್ಮಗಳ ಪರೀಕ್ಷೆ ಮುಗಿದ ಮೇಲೆ ಐದು ದಿನ ಊರು ನೋಡುವುದಕ್ಕೆಂದೇ ಹೋಗಬೇಕೆಂದಿದ್ದೇನೆ. ಜೊತೆಗೆ ನಮ್ಮ ಮನೆಯವರು (ಅವರಿಗೆ ಮಂಡಿನೋವು), 13 ವರ್ಷದ ಮೊಮ್ಮಗಳು. ಕೇಳಿದವರೆಲ್ಲ ‘ನೀವು ಕಂಡ ಬೆಂಗಳೂರು ಈಗಿಲ್ಲ, ಕನ್ನಡ ಮಾತಾಡೋರು ಸಿಗಲ್ಲ, ಟ್ರಾಫಿಕ್ಕಲ್ಲೇ ದಿನ ಹೋಗುತ್ತೆ’ ಅನ್ನುತ್ತಾರೆ. ಮಗ ‘ಕಾರು ಮಾಡಿಸಿ ಎರಡು ದಿನದಲ್ಲಿ ಎಲ್ಲ ತೋರಿಸ್ತೀನಿ’ ಅನ್ನುತ್ತಾನೆ. ನನ್ನ ಹೆದರಿಕೆ ಬೇರೆ. ಹೋಗಿ ನೋಡಿ, ಇದ್ದ ನೆನಪೂ ಹಾಳಾದರೆ? ನಾನಿದ್ದ ರೂಮಿನ ಬೀದಿಗೆ ಹೋಗಲೇ ಬೇಡವೇ ಎಂಬುದೂ ತಿಳಿಯುತ್ತಿಲ್ಲ. ಎಲ್ಲಿ ಉಳಿಯುವುದು, ಏನು ನೋಡುವುದು, ದಯವಿಟ್ಟು ತಿಳಿಸಿ.

ಉತ್ತರ: ಮೇಷ್ಟ್ರೇ, ಶಿವಮೊಗ್ಗ, ಸಾಗರ, ಹೊಸನಗರದ ಕಡೆಯವರನ್ನು ಬೆಂಗಳೂರು, ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಕಳೆದಿದೆ. ಮೊದಲ ಸಲ ಹೋಗುವವರು ಯಾರೂ ನಿಮ್ಮ ಹಾಗೆ ಹೆದರುವುದಿಲ್ಲ. ಅಲ್ಲಿದ್ದು ಬಂದವರೇ ಹೆದರುವುದು. ಆದ್ದರಿಂದ ಏನು ನೋಡಬೇಕು ಎನ್ನುವುದಕ್ಕೆ ಮುಂಚೆ ನಿಮ್ಮ ಹೆದರಿಕೆಯ ಮಾತೇ ಆಡುತ್ತೇನೆ.

ನೀವು ಇಪ್ಪತ್ತು ಸಲ ಹೋದದ್ದು ನೀವು ಓದಿದ ಬೆಂಗಳೂರಿಗಲ್ಲ. 1981ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. 2011ರಲ್ಲಿ ಅದು 85 ಲಕ್ಷದ ಹತ್ತಿರ. ವೈಟ್‌ಫೀಲ್ಡ್ ನೀವು ಓದುವಾಗ ಬೇರೆಯೇ ಊರು. ಸುತ್ತಲಿನ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದ 2007ರಲ್ಲಿ ಅದು ನಗರದೊಳಗೆ ಬಂತು. ಮೆಜೆಸ್ಟಿಕ್ಕಿನಲ್ಲಿ ಬೆಳಗಿನ ಐದಕ್ಕೆ ಇಳಿದು, ನಿದ್ದೆಗಣ್ಣಿನಲ್ಲಿ ಇನ್ನೊಂದು ವಾಹನ ಹತ್ತಿ, ನಿಮಗೆ ಗೊತ್ತೇ ಇಲ್ಲದ ಊರಿಗೆ ಹೋಗಿ ಬಂದಿದ್ದೀರಿ. ಅದನ್ನು ನೋಡಿ ‘ನನ್ನ ಬೆಂಗಳೂರು ಹೋಯಿತು’ ಎಂದುಕೊಂಡಿದ್ದೀರಿ. ನಿಮ್ಮದು ಚಿಕ್ಕ ಊರು. ಬಸವನಗುಡಿಯ ದೊಡ್ಡ ಬಸವನಿಂದ ವಿಧಾನಸೌಧದವರೆಗೆ ಹೆಚ್ಚೆಂದರೆ ಆರೇಳು ಕಿಲೋಮೀಟರು. ಆ ಊರಿನ ಬಹುಭಾಗ ಇನ್ನೂ ಅಲ್ಲೇ ಇದೆ. ಹೋಗಿ. ಆದರೆ ಆ ಆರೇಳು ಕಿಲೋಮೀಟರಿಗೆ ಹೋಗಿ, ಇಡೀ ಮಹಾನಗರಕ್ಕಲ್ಲ.

ಹೋದದ್ದು ಏನೆಂಬುದನ್ನೂ ಮುಚ್ಚಿಡುವುದಿಲ್ಲ, ಮೊದಲೇ ತಿಳಿದಿದ್ದರೆ ಅಲ್ಲಿ ಹೋಗಿ ಎದೆ ಒಡೆದುಕೊಳ್ಳುವುದು ತಪ್ಪುತ್ತದೆ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಸಾಲನ್ನು ನೆನಪಿಟ್ಟುಕೊಂಡು ಹೋಗಬೇಡಿ. ಕಪಾಲಿಯನ್ನು 2017ರಲ್ಲಿ ಕೆಡವಿದರು. ಎಂ.ಜಿ. ರಸ್ತೆಯ ಪ್ಲಾಜಾ ಇಲ್ಲ. ಅದೇ ರಸ್ತೆಯ ಕಾಫಿ ಹೌಸು 2009ರಲ್ಲಿ ಪಕ್ಕದ ಚರ್ಚ್ ಸ್ಟ್ರೀಟಿಗೆ ಹೋಯಿತು. ನಿಮ್ಮ ಬಿಟಿಎಸ್ ಬಸ್ಸು 1997ರಿಂದ ಬಿಎಂಟಿಸಿ. ಕಾಂಪೌಂಡಿನೊಳಗೆ ಮಾವಿನ ಮರ, ಮುಂದೆ ಜಗಲಿ ಇದ್ದ ಒಂಟಿ ಮನೆಗಳಲ್ಲಿ ಬಹಳಷ್ಟು ಬಿದ್ದು ಮಹಡಿಗಳಾಗಿವೆ. ಹಿಂದಿರುಗಿ ಹೋದವರಿಗೆ ಊರೇ ಬದಲಾದಂತೆ ಅನ್ನಿಸಲು ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ನಮಗೆ ಊರು ನೆನಪಿರುವುದು ದಾರಿಗಳಾಗಿ. ಇಂಥ ಬಸ್ಸು, ಇಂಥ ತಿರುವು, ಆಮೇಲೆ ಈ ಗುಡಿ. ಈಗ ಬೀದಿಗಳು ಒನ್‌ವೇ ಆಗಿವೆ, ಮೇಲ್ಸೇತುವೆಗಳು ಬಂದಿವೆ, ಮೆಟ್ರೊ ನೆಲದಡಿ ಹೋಗಿ ಎಲ್ಲೋ ಮೇಲೇಳುತ್ತದೆ. ಗುಡಿ ಇದ್ದಲ್ಲೇ ಇದ್ದರೂ ಅದಕ್ಕೆ ಮುಟ್ಟುವ ದಾರಿ ಬೇರೆಯಾದರೆ ಗುರುತು ಸಿಗುವುದಿಲ್ಲ. ಒಮ್ಮೆ ಕಾಲ್ನಡಿಗೆಯಲ್ಲಿ ಹೋದರೆ ಸಾಕು, ಅರ್ಧ ಗಂಟೆಯಲ್ಲಿ ಹಳೆಯ ನಕ್ಷೆ ತಲೆಯೊಳಗೆ ತಾನಾಗಿ ಕೂಡಿಕೊಳ್ಳುತ್ತದೆ. ಎಷ್ಟೋ ಜನರ ಮುಖದಲ್ಲಿ ಆ ಗಳಿಗೆಯನ್ನು ನೋಡಿದ್ದೇನೆ.

‘ಕನ್ನಡ ಮಾತಾಡೋರು ಸಿಗಲ್ಲ’ ಎನ್ನುವುದು ನೀವು ಹೋಗುವ ಪ್ರದೇಶಕ್ಕೆ ಸುಳ್ಳು. ಗಾಂಧಿ ಬಜಾರ್, ಚಾಮರಾಜಪೇಟೆ, ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲು, ಮಲ್ಲೇಶ್ವರ, ಇಲ್ಲೆಲ್ಲ ನಿಮ್ಮ ಕನ್ನಡಕ್ಕೆ ಕನ್ನಡದ ಉತ್ತರವೇ ಬರುತ್ತದೆ. ಮಗನ ಕಡೆಯ ಮಾಲುಗಳಲ್ಲಿ ಬಾರದಿರಬಹುದು, ಅದು ನಿಜ, ನನಗೂ ನೋವಾಗುತ್ತದೆ. ಆದರೆ ಆ ಊರು ಯಾವತ್ತೂ ಒಂದೇ ಭಾಷೆಯದಾಗಿರಲಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಗೆ ನೂರು ವರ್ಷ ತುಂಬುವ ಹೊತ್ತಿಗೆ, 1638ರಲ್ಲಿ, ಬಿಜಾಪುರದವರು ಅದನ್ನು ಗೆದ್ದು ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಗಿ ಕೊಟ್ಟರು. ಇಲ್ಲಿ ನಮ್ಮ ಕೆಳದಿಯ ಶಿವಪ್ಪನಾಯಕ ಗದ್ದೆ ತೋಟಗಳಿಗೆ ಶಿಸ್ತು (ಕಂದಾಯ) ಹಾಕುತ್ತಿದ್ದ ಕಾಲಕ್ಕೆ ಅಲ್ಲಿಯ ಪೇಟೆಯಲ್ಲಿ ಮರಾಠಿ ಆಳ್ವಿಕೆ. 1809ರಲ್ಲಿ ಇಂಗ್ಲಿಷರ ದಂಡು ಬಂತು. ದಂಡಿನ ಪ್ರದೇಶವೂ ನಗರವೂ ಒಂದಾದದ್ದು 1949ರಲ್ಲಿ. ಎಂ.ಜಿ. ರಸ್ತೆಯ ಕಡೆ ನಿಮಗೆ ಕಾಲೇಜಿನ ದಿನಗಳಲ್ಲೂ ಪರಸ್ಥಳ ಅನ್ನಿಸಿರಬೇಕು.

ಟ್ರಾಫಿಕ್ಕಿನ ಮಾತು ಮಾತ್ರ ಪೂರ್ತಿ ನಿಜ, ಅದರಲ್ಲೂ ಕಾರಿನಲ್ಲಿ ಹೋದರೆ. ನಿಮ್ಮ ಮಗ ಪ್ರೀತಿಯಿಂದಲೇ ಹೇಳುತ್ತಿದ್ದಾನೆ, ಆದರೆ ‘ಎರಡು ದಿನದಲ್ಲಿ ಎಲ್ಲ’ ಎನ್ನುವುದಕ್ಕೆ ಒಪ್ಪಬೇಡಿ. ಈ ಕೆಲಸದ ಮೊದಲ ವರ್ಷಗಳಲ್ಲಿ ನಾನೂ ವ್ಯಾನು ಮಾಡಿ ಒಂದೇ ದಿನಕ್ಕೆ ಒಂಬತ್ತು ಜಾಗ ಇಟ್ಟಿದ್ದೆ. ಹೊಸನಗರದ ಕಡೆಯ ಒಬ್ಬ ಅಜ್ಜಿ ಸಂಜೆ ‘ಕಿಟಕಿ ನೋಡ್ದೆ ಕಣಪ್ಪ, ಮತ್ತೇನೂ ಕಾಣ್ಲಿಲ್ಲ’ ಅಂದರು. ಆಮೇಲೆ ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ಯಾರಿಗೂ ಹೇಳಿಲ್ಲ: ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಊಟ, ನಿದ್ದೆ. ಏಪ್ರಿಲ್‌ನ ಬಿಸಿಲಿಗೂ ಅದೇ ಸರಿ. ಓಡಾಟಕ್ಕೆ ಮೆಟ್ರೊ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಶುರುವಾದದ್ದು ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗವಾಗಿದೆ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಒಂದರ ಹಿಂದೊಂದು ಬರುತ್ತವೆ. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ, ಅಮ್ಮನವರ ಮಂಡಿಗೆ ಅದು ದೊಡ್ಡ ಅನುಕೂಲ. ಅದೇ ಹಸಿರು ಮಾರ್ಗದಲ್ಲಿ ‘ಮಹಾಕವಿ ಕುವೆಂಪು ರಸ್ತೆ’ ಎಂಬ ನಿಲ್ದಾಣವೂ ಇದೆ. ಕುಪ್ಪಳಿಯ ತಾಲ್ಲೂಕಿನ ಹುಡುಗಿಗೆ ರೈಲಿನೊಳಗೆ ಆ ಹೆಸರು ಕೂಗುವುದು ಕೇಳಿಸಲಿ.

ಈಗ ಉಳಿಯುವ ವಿಷಯ. ಪ್ರವಾಸ ಚೆನ್ನಾಗುವುದೂ ಕೆಡುವುದೂ ಇದರ ಮೇಲೆ ನಿಂತಿದೆ. ಐದೂ ದಿನ ಮಗನ ಮನೆಯಲ್ಲಿದ್ದರೆ ಖರ್ಚಿಲ್ಲ, ಊಟದ ಯೋಚನೆಯಿಲ್ಲ, ರಾತ್ರಿ ಎಲ್ಲರೂ ಒಟ್ಟಿಗೆ. ಆದರೆ ಬಸವನಗುಡಿಗೆ ಹೋಗಲು ಮೆಟ್ರೊದಲ್ಲೇ ಒಂದು ಗಂಟೆಯ ಮೇಲೆ ಬೇಕು, ಬರಲು ಮತ್ತಷ್ಟು. ಬೆಳಗಿನ ಆರು ಗಂಟೆಯ ಊರು, ಅದೇ ನಿಜವಾದ ಊರು, ನಿಮಗೆ ಸಿಗುವುದಿಲ್ಲ. ಮೂರನೆಯ ದಿನ ‘ಇವತ್ತು ಮನೇಲೇ ಇರೋಣ’ ಎನ್ನುವ ಮಾತು ಬಂದೇ ಬರುತ್ತದೆ. ಐದೂ ದಿನ ಹಳೆಯ ಊರಿನ ಲಾಡ್ಜಿನಲ್ಲಿದ್ದರೆ ಸುತ್ತಾಟ ಚೆನ್ನಾಗಿ ಆಗುತ್ತದೆ, ಆದರೆ ಮಗ ಸೊಸೆಗೆ ಬೇಸರ. ‘ಮನೆ ಇಟ್ಟುಕೊಂಡು ಅಪ್ಪ ಅಮ್ಮನ್ನ ಲಾಡ್ಜಲ್ಲಿ ಇಳಿಸಿದ್ದಾನೆ’ ಎಂದು ನೆಂಟರು ಆಡುವ ಮಾತಿಗೆ ಅವನೇ ಗುರಿಯಾಗುತ್ತಾನೆ. ಇದು ಸಣ್ಣ ವಿಷಯವಲ್ಲ. ಇದೇ ಕಾರಣಕ್ಕೆ ಮುರಿದುಬಿದ್ದ ಪ್ರವಾಸಗಳನ್ನು ಕಂಡಿದ್ದೇನೆ.

ನನ್ನ ಸಲಹೆ ಮೂರು ರಾತ್ರಿ ಬಸವನಗುಡಿ, ಚಾಮರಾಜಪೇಟೆ ಅಥವಾ ಜಯನಗರದ ಕಡೆ ಮೆಟ್ರೊಗೆ ಹತ್ತಿರದ, ಲಿಫ್ಟ್ ಇರುವ ಲಾಡ್ಜು. ಕೊನೆಯ ಎರಡು ರಾತ್ರಿ ಮಗನ ಮನೆ. ಹೊರಡುವ ಮುಂಚೆಯೇ ಮಗನಿಗೆ ನೀವೇ ಫೋನು ಮಾಡಿ ಹೇಳಿ. ‘ನಾನು ಓದಿದ ಬೀದೀಲಿ ಬೆಳಿಗ್ಗೆ ಓಡಾಡಬೇಕು ಕಣೋ, ರಜೆ ಸಿಕ್ಕರೆ ಒಂದು ರಾತ್ರಿ ನೀನೂ ನಮ್ಮ ಜೊತೆ ಅಲ್ಲೇ ಇರು’ ಅಂತ ಕರೆಯಿರಿ. ಅಪ್ಪ ಕಾಲೇಜಿಗೆ ಹೋಗುತ್ತಿದ್ದ ಬೀದಿಯನ್ನು ಅಪ್ಪನ ಜೊತೆ ನಡೆಯುವ ಅವಕಾಶ ಅವನಿಗೂ ಸಿಕ್ಕಿಲ್ಲ.

ಹೋಗುವಾಗ ರಾತ್ರಿ ಬಸ್ಸು ಬೇಡ. ಆ ನಿದ್ದೆಗೇಡಿನಿಂದಲೇ ಮೊದಲ ದಿನ ಸತ್ತುಹೋಗುತ್ತದೆ. ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಇದ್ದು, ನಸುಕಿನ ಜನಶತಾಬ್ದಿ ಹಿಡಿಯಿರಿ. ಮಧ್ಯಾಹ್ನದ ಊಟದ ಹೊತ್ತಿಗೆ ಆರಾಮವಾಗಿ ಲಾಡ್ಜಿನಲ್ಲಿರುತ್ತೀರಿ. ಯಶವಂತಪುರ, ಮೆಜೆಸ್ಟಿಕ್ ಎರಡು ಕಡೆಯೂ ಮೆಟ್ರೊ ಇದೆ. ಟಿಕೆಟ್ ಕಾದಿರಿಸುವುದು 60 ದಿನ ಮುಂಚಿನಿಂದ ಆಗುತ್ತದೆ. ಏಪ್ರಿಲ್ ರಜೆಯ ಕಾಲ, ತಡಮಾಡಬೇಡಿ.

ಮೊದಲ ಬೆಳಗು ಲಾಲ್‌ಬಾಗಿಗೆ ಕೊಡಿ, ಪೂರ್ತಿ ಕೊಡಿ. ಹೈದರಾಲಿ ಇದನ್ನು ಶುರುಮಾಡಿದ್ದು 1760ರಲ್ಲಿ. ಮೂರು ವರ್ಷಕ್ಕೆ ಅದೇ ಹೈದರಾಲಿ ನಮ್ಮ ಬಿದನೂರಿಗೆ ನುಗ್ಗಿ ಕೆಳದಿ ಅರಸರ ರಾಜ್ಯವನ್ನು ಮುಗಿಸಿದ. ಮೊಮ್ಮಗಳು ಬಿದನೂರಿನ, ಅಂದರೆ ಈಗಿನ ನಗರದ, ಕೋಟೆ ನೋಡಿದ್ದರೆ ಈ ಎರಡನ್ನೂ ಸೇರಿಸಿ ಹೇಳಿ. ಶಾಲೆಯ ಪುಸ್ತಕದಲ್ಲಿ ಅವು ಬೇರೆ ಬೇರೆ ಪಾಠಗಳು. 240 ಎಕರೆಯನ್ನು ನಡೆದು ನೋಡಬೇಕಾಗಿಲ್ಲ, ಅಮ್ಮನವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ. ಗಾಜಿನ ಮನೆ 1889ರದು. ಅಲ್ಲಿ ಜನವರಿ, ಆಗಸ್ಟಿನ ಪುಷ್ಪ ಪ್ರದರ್ಶನ ಇಲ್ಲದ ದಿನಗಳೇ ಚೆನ್ನ. ಜನ ಕಡಿಮೆ, ಮರ ಕಾಣುತ್ತದೆ. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಎಂಬ ತೋಟಗಾರಿಕೆಯ ಅಧಿಕಾರಿ, ವರ್ಷದ ಯಾವ ಕಾಲಕ್ಕೂ ಊರಿನ ಯಾವುದಾದರೂ ಸಾಲುಮರ ಹೂಬಿಟ್ಟಿರಬೇಕೆಂದು ಯೋಚಿಸಿ ಗಿಡ ನೆಡಿಸಿದವರು. ನೀವು ಹೋಗುವಾಗ ಗುಲ್ಮೊಹರ್ ಕೆಂಪಾಗತೊಡಗಿರುತ್ತದೆ. ಇನ್ನು ಬಂಡೆ. ನೀವು ಅಲ್ಲಿ ಕೂತು ಓದಿಕೊಂಡಿರಬಹುದು. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ನೆಲದ ತೀರಾ ಹಳೆಯ ಕಲ್ಲುಗಳಲ್ಲೊಂದು. ನಮ್ಮ ಕಡೆ ಮನೆ ಕಟ್ಟುವ ಜಂಬಿಟ್ಟಿಗೆ ಮಳೆಗೆ ಕರಗಿ ಮಾಗಿದ ಮಣ್ಣಿನ ಕಲ್ಲು, ಎದುರಿಟ್ಟು ನೋಡಿದರೆ ಕೂಸು. ಇಳಿಜಾರು ನುಣುಪಾಗಿದೆ, ಅಮ್ಮನವರು ಕೆಳಗೇ ಕೂರಲಿ. ನೀವಿಬ್ಬರು ಹತ್ತಿ ಕೆಂಪೇಗೌಡ ಗೋಪುರದ ಹತ್ತಿರ ನಿಲ್ಲಿ. ಬೆಳೆದ ಊರು ಅಲ್ಲಿಂದ ಕಾಣುತ್ತದೆ. ದೊಡ್ಡ ಬೆಂಗಳೂರನ್ನು ನೋಡಲು ಅಷ್ಟು ದೂರ ಸಾಕು.

ಬಸವನಗುಡಿಯೂ ಮಲ್ಲೇಶ್ವರವೂ ಹುಟ್ಟಿದ್ದು 1898ರ ಪ್ಲೇಗಿನಿಂದ, ಇಕ್ಕಟ್ಟಿನ ಪೇಟೆಯಲ್ಲಿ ಜನ ಸಾಯುವುದನ್ನು ಕಂಡು ಗಾಳಿ ಬೆಳಕಿನ ಬೀದಿಗಳನ್ನು ಹಾಕಿಸಿದಾಗ. ನೀವು ನಡೆದ ಆ ನೇರ ಬೀದಿಗಳಿಗೆ ಅದು ಕಾರಣ. ದೊಡ್ಡ ಬಸವ, ದೊಡ್ಡ ಗಣಪತಿ ನಿಮಗೆ ಹೇಳಬೇಕಾಗಿಲ್ಲ. ಗಾಂಧಿ ಬಜಾರಿನ ರಸ್ತೆಯನ್ನು ಈಚೆಗೆ ಹೊಸದಾಗಿ ಮಾಡಿ ಕಾಲುದಾರಿ ಅಗಲಿಸಿದ್ದಾರೆ, ಅಮ್ಮನವರು ಹೂವು ಹಣ್ಣು ನೋಡುತ್ತ ನಿಧಾನವಾಗಿ ನಡೆಯಬಹುದು. (ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಆ ಸುಖ ಯಾವಾಗ ಬರುತ್ತದೋ.) ವಿದ್ಯಾರ್ಥಿ ಭವನ 1943ರಿಂದ ಅದೇ ಜಾಗದಲ್ಲಿದೆ. ಶುಕ್ರವಾರ ರಜೆ, ಶನಿವಾರ ಭಾನುವಾರ ಗಂಟೆಗಟ್ಟಲೆ ಕಾಯಬೇಕು. ಮಿಕ್ಕ ದಿನ ಬೇಗ ಹೋಗಿ. ಮೇಷ್ಟ್ರಾದ ನಿಮಗೆ ಇನ್ನೆರಡು ಜಾಗ ಹೇಳುತ್ತೇನೆ: ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ. ಎರಡೂ 1945ರವು, ಎರಡೂ ನಡೆಯುತ್ತಿವೆ. ಸಂಜೆ ಉಪನ್ಯಾಸವೋ ಸಂಗೀತವೋ ಇದ್ದರೆ ಹೋಗಿ ಕೂತುಬಿಡಿ. ಮರಗಳೂ ಕಟ್ಟಡಗಳೂ ಹೋದ ಮೇಲೆ ಒಂದು ಊರು ಉಳಿಯುವುದು ಇಂಥ ಕಡೆ, ದಿನವೂ ಯಾರೋ ಬಂದು ದೀಪ ಹಾಕುವ ಸಭಾಂಗಣದಲ್ಲಿ.

ಏಪ್ರಿಲ್ ಆಯ್ದುಕೊಂಡದ್ದು ನಿಮ್ಮ ಅದೃಷ್ಟ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮೋತ್ಸವದ ಸಂಗೀತ ಆಗಲೇ ಇರುತ್ತದೆ. 1939ರಿಂದ ನಡೆದು ಬಂದದ್ದು, ನೀವು ಓದುವಾಗ ಹೊರಗೆ ನಿಂತಾದರೂ ಕೇಳಿರುತ್ತೀರಿ. ಈಗ ಟಿಕೆಟ್ ತೆಗೆದು ಒಳಗೆ ಕೂತು ಕೇಳಿ. ನಾಟಕ ಬೇಕೆಂದರೆ ಜೆ.ಪಿ. ನಗರದ ರಂಗಶಂಕರ, ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ 2004ರಲ್ಲಿ ತೆರೆದದ್ದು. ಹೆಗ್ಗೋಡಿನ ನಾಟಕ ನೋಡಿ ಬೆಳೆದವರಿಗೆ ಅಲ್ಲಿ ಪರಕೀಯ ಅನ್ನಿಸುವುದಿಲ್ಲ. ಬೆಲ್ ಆದ ಮೇಲೆ ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಆ ಸಂಜೆಗೆ ಬೇರೇನೂ ಇಟ್ಟುಕೊಳ್ಳಬೇಡಿ. ಏಪ್ರಿಲ್ ಸಂಜೆ ಗುಡುಗು ಮಳೆ ಒಮ್ಮೆಲೇ ಬರುತ್ತದೆ. ಆಗುಂಬೆ ಮಳೆ ಕಂಡವರೆಂದು ಅಸಡ್ಡೆ ಬೇಡ. ಅಲ್ಲಿ ಅರ್ಧ ಗಂಟೆಯ ಮಳೆಗೆ ರಸ್ತೆಯೇ ಹೊಳೆಯಾಗಿ ಆಟೋ ಸಿಗುವುದು ನಿಲ್ಲುತ್ತದೆ.

ಚೈತ್ರ ಪೌರ್ಣಮಿ ನಿಮ್ಮ ಐದು ದಿನದೊಳಗೆ ಬಂದರೆ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ನಡುರಾತ್ರಿ ಕಳೆದ ಮೇಲೆ ಹೊರಡುತ್ತದೆ, ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಊರಿನ ಹಳೆಯ ಜೀವ ಎಲ್ಲಿದೆ ಎಂದು ಕೇಳಿದರೆ ನಾನು ಅದನ್ನೇ ತೋರಿಸುವುದು. ಆದರೆ ಆ ಜನಜಂಗುಳಿಗೆ ಮಂಡಿನೋವಿನವರನ್ನೂ ಮಗುವನ್ನೂ ಕರೆದೊಯ್ಯಬೇಡಿ. ಅವರಿಬ್ಬರಿಗೆ ಹಗಲಲ್ಲಿ ಗುಡಿ ತೋರಿಸಿ. ರಾತ್ರಿಗೆ ಮಗ ಜೊತೆಗಿದ್ದರೆ ಮಾತ್ರ ನೀವು ಹೋಗಿ.

ಪೇಟೆಗೂ ಇದೇ ಎಚ್ಚರಿಕೆ. ಕೆ.ಆರ್. ಮಾರ್ಕೆಟ್ಟಿನ ಹೂವು ನೋಡಬೇಕಾದರೆ ಬೆಳಗಿನ ಆರಕ್ಕೆ ಅಲ್ಲಿರಬೇಕು. ನೆಲ ಒದ್ದೆ, ಮೆಟ್ಟಿಲು ಜಾರು, ತಲೆಹೊರೆಯವರಿಗೆ ದಾರಿ ಬಿಡಬೇಕು. ಅಮ್ಮನವರು ಲಾಡ್ಜಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳಲಿ, ನೀವೂ ಮೊಮ್ಮಗಳೂ ಹೋಗಿ. ಅಲ್ಲಿಂದ ನಡಿಗೆಯ ದೂರದಲ್ಲೇ ಕೋಟೆಯ ಉಳಿದ ಬಾಗಿಲು (1791ರಲ್ಲಿ ಕಾರ್ನ್‌ವಾಲಿಸ್ ಗೆದ್ದ ಕೋಟೆ), ಟಿಪ್ಪುವಿನ ಬೇಸಿಗೆ ಅರಮನೆ. ಅದೇ ವರ್ಷ ಕೆಲಸ ಮುಗಿದ ಮರದ ಅರಮನೆ ಅದು. ಹೋಗುವ ಮುಂಚೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯನ್ನು ಹುಡುಗಿಗೆ ತೋರಿಸಿಕೊಂಡು ಹೋದರೆ ಎರಡರ ಕಂಬ, ಕಮಾನುಗಳನ್ನು ಹೋಲಿಸಿ ಅವಳೇ ಪ್ರಶ್ನೆ ಕೇಳುತ್ತಾಳೆ. ಮೇಲಿನ ಅಂತಸ್ತಿಗೆ ಮೆಟ್ಟಿಲು ಕಡಿದು.

ಒಂದು ದಿನವನ್ನು ಮೊಮ್ಮಗಳಿಗೇ ಬಿಡಿ. ನಿಮ್ಮ ನೆನಪುಗಳನ್ನು ಮೂರು ದಿನ ಹೊತ್ತು ತಿರುಗಿದ ಮಗುವಿಗೆ ಅಷ್ಟು ಹಕ್ಕಿದೆ. ಅವಳು ಮಾಲ್ ಅಂದರೆ ಮಾಲ್, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿ ಅಂದರೆ ಪುಸ್ತಕದಂಗಡಿ. ಅವಳಿಗೇ ತೋಚದಿದ್ದರೆ 1962ರಲ್ಲಿ ತೆರೆದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವಿಶ್ವೇಶ್ವರಯ್ಯನವರೇ ಎಂದು ಹೇಳಿದರೆ ಅವಳಿಗೆ ನಂಟು ಸಿಗುತ್ತದೆ. ಇಲ್ಲವೇ ನೆಹರೂ ತಾರಾಲಯ, ಅಲ್ಲಿ ಕನ್ನಡದಲ್ಲೂ ಪ್ರದರ್ಶನವಿದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಅರಮನೆ ರಸ್ತೆಯ ಆಧುನಿಕ ಕಲಾ ಗ್ಯಾಲರಿ ನೀವೂ ನೋಡಿಲ್ಲದವು. ಎರಡಕ್ಕೂ ಸೋಮವಾರ ರಜೆ. ಆ ದಿನ ಭಾನುವಾರವಾಗಿದ್ದರೆ ಇನ್ನೂ ಒಳ್ಳೆಯದು: ಕಬ್ಬನ್ ಪಾರ್ಕಿನೊಳಗೆ ಅಂದು ವಾಹನ ಬಿಡುವುದಿಲ್ಲ, ಮಕ್ಕಳು ರಸ್ತೆಯ ನಡುವೆ ಆಡುತ್ತಿರುತ್ತಾರೆ. ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಮುಂದೆ ಮರದ ನೆರಳಲ್ಲಿ ಅಮ್ಮನವರು ಎಷ್ಟು ಹೊತ್ತಾದರೂ ಕೂರಬಹುದು.

ಅವರಿಬ್ಬರ ಆಧಾರ್ ಕಾರ್ಡು ಮರೆಯಬೇಡಿ, ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಇಬ್ಬರಿಗೂ ಶಕ್ತಿ ಯೋಜನೆಯ ಉಚಿತ ಪ್ರಯಾಣ. ಎ.ಸಿ. ಬಸ್ಸಿಗೆ ಅದು ಇಲ್ಲ. ರಸ್ತೆ ದಾಟುವಾಗ ಮಾತ್ರ ಹಳೆಯ ಅಭ್ಯಾಸದ ಮೇಲೆ ಹೆಜ್ಜೆ ಇಡಬೇಡಿ. ಒನ್‌ವೇ ಆದರೂ ಎರಡೂ ಕಡೆ ನೋಡಿ. ನಾನು ಕರೆದೊಯ್ದವರಲ್ಲಿ ಪೆಟ್ಟು ಮಾಡಿಕೊಂಡವರೆಲ್ಲ ಊರು ತಮಗೆ ಗೊತ್ತು ಎಂದುಕೊಂಡವರೇ.

ಕೊನೆಗೆ ನಿಮ್ಮ ರೂಮಿನ ಬೀದಿ. ಹೋಗಿ, ಆದರೆ ಮೊದಲ ದಿನ ಬೇಡ. ಲಾಲ್‌ಬಾಗಿನ ಬಂಡೆ, ದೊಡ್ಡ ಬಸವ, ನಿಮ್ಮ ಕಾಲೇಜಿನ ಗೇಟು, ಇದ್ದಲ್ಲೇ ಇರುವ ಇಂಥವನ್ನು ಒಂದೆರಡು ದಿನ ನೋಡಿ ಮನಸ್ಸು ನೆಲೆಗೊಂಡ ಮೇಲೆ, ಮೂರನೆಯ ಬೆಳಿಗ್ಗೆ ಒಬ್ಬರೇ ಹೋಗಿ. ಆರೂವರೆಗೆ ಹೋಗಿ, ಅಷ್ಟು ಹೊತ್ತಿಗೆ ಮನೆಗಳ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿರುತ್ತಾರೆ, ಯಾರನ್ನಾದರೂ ವಿಚಾರಿಸುವುದು ಸುಲಭ. ಮನೆ ಇರಬಹುದು, ಇಲ್ಲದಿರಬಹುದು. ಇಲ್ಲದಿದ್ದರೆ ಓನರಮ್ಮನ ಹೆಸರು ಹಿಡಿದು ಎದುರು ಮನೆಯಲ್ಲಿ ಕೇಳಿ. ನಾನು ಕರೆದೊಯ್ದ ಒಬ್ಬರಿಗೆ ಹಾಗೆ ಕೇಳಿದಾಗ ಒಳಗಿನಿಂದ ಕುರ್ಚಿ ಬಂತು, ಕಾಫಿ ಬಂತು, ನಲವತ್ತು ವರ್ಷದ ಕೆಳಗೆ ಆ ಬೀದಿಯಲ್ಲಿದ್ದ ಹುಡುಗರ ಹೆಸರುಗಳು ಒಂದೊಂದಾಗಿ ಬಂದವು. ವಾಪಸು ಲಾಡ್ಜಿಗೆ ಹೋಗಿ ತಿಂಡಿಯ ಹೊತ್ತಿಗೆ ಮೊಮ್ಮಗಳಿಗೆ ಹೇಳಿ. ಅವಳು ‘ನನಗೂ ತೋರಿಸು ಅಜ್ಜ’ ಅಂದರೆ ಸಂಜೆ ಅವಳನ್ನು ಕರೆದುಕೊಂಡು ಇನ್ನೊಮ್ಮೆ ಹೋಗಿ.